ಮಗುವಿನ ಮದ್ದಿಗೆ ಯಾರ ಸಹಿ?

ಡಿಸೆಂಬರಿನ ಒಂದು ಭಾನುವಾರ. ತಂಗಿಯ ಮಕ್ಕಳಿಗೆ ಆನೆಗಳ ಸ್ನಾನ ತೋರಿಸಬೇಕೆಂದು ದುಬಾರೆಗೆ ಹೋಗಿದ್ದೆ. ಕಾವೇರಿಯ ಈಚೆ ದಡದಲ್ಲಿ ದೋಣಿಗೆ ಸಾಲು, ಆಚೆ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ. ಬೆಳಗಿನ ಮಂಜು ಇನ್ನೂ ನೀರಿನ ಮೇಲೇ ಇತ್ತು. ಇಂಥ ಕಡೆ ಸಾಲಿನಲ್ಲಿ ನಿಂತವರನ್ನು ನೋಡುವುದು ನನಗೊಂದು ಚಟ. ಬಹಳ ವರ್ಷ ಕೌಟುಂಬಿಕ ನ್ಯಾಯಾಲಯದ ವರಾಂಡದಲ್ಲಿ ಕಳೆದವಳಿಗೆ ಕೆಲವರ ಗುರುತು ಹೇಳದೆಯೇ ಸಿಕ್ಕಿಬಿಡುತ್ತದೆ. ಒಂಟಿ ಅಪ್ಪ, ಜೊತೆಗೊಂದು ಮಗು, ಮಗುವಿನ ಕೈಯಲ್ಲಿ ಬೇಡವೆಂದರೂ ಕೊಡಿಸಿದ ಚಿಪ್ಸ್, ಅಪ್ಪನ ಕಣ್ಣು ಘಳಿಗೆಗೊಮ್ಮೆ ಗಡಿಯಾರದ ಮೇಲೆ. ಸಂಜೆ ಹೊತ್ತಿಗೆ ಮಗುವನ್ನು ತಿರುಗಿ ಒಪ್ಪಿಸಬೇಕಾದ ಅಪ್ಪಂದಿರು ಹೀಗೇ ಇರುತ್ತಾರೆ.

ನಮ್ಮ ಮುಂದೆ ನಿಂತಿದ್ದವರೂ ಹಾಗೇ ಕಂಡರು. ಹುಡುಗನಿಗೆ ಎಂಟು ವರ್ಷವಿದ್ದೀತು. ಕೆಮ್ಮುತ್ತಿದ್ದ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತು ಎದೆಯಿಂದ ಶಿಳ್ಳೆಯ ಸದ್ದು ಶುರುವಾಯಿತು. ಉಸಿರು ಎಳೆದಾಗಲೆಲ್ಲ ಭುಜ ಮೇಲೇಳುತ್ತಿತ್ತು.

"ಇನ್ಹೇಲರ್ ಇಲ್ವಾ?" ಎಂದೆ.

"ಇದೆ... ಮನೇಲಿದೆ. ಅದು ಅಭ್ಯಾಸ ಆಗಿಬಿಡುತ್ತೆ ಅಂತ ನಾನು ಕೊಡಲ್ಲ ಮೇಡಂ. ಅವರ ತಾಯಿ ಕೊಡ್ತಾರೆ."

ಅವರನ್ನು ನಮ್ಮ ಕಾರಿನಲ್ಲೇ ಕೂರಿಸಿಕೊಂಡು ಕುಶಾಲನಗರಕ್ಕೆ ಹೊರಟೆವು. ಹದಿನೈದು ಕಿಲೋಮೀಟರು ಅಷ್ಟೊಂದು ದೂರವೆಂದು ನನಗೆ ಹಿಂದೆಂದೂ ಅನ್ನಿಸಿರಲಿಲ್ಲ. ದಾರಿಯಲ್ಲಿ ಹುಡುಗ ಮಾತಾಡಿದ್ದು ಒಂದೇ ಸಲ, ಅದೂ ತುಂಡು ತುಂಡಾಗಿ: "ಅಮ್ಮಂಗೆ... ಹೇಳ್ಬೇಡಿ. ಆಮೇಲೆ... ಕಳ್ಸಲ್ಲ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಉಸಿರಿಗೆ ತಿಣುಕಾಡುವಾಗಲೂ ಆ ಮಗು ಮುಂದಿನ ಭಾನುವಾರದ ಲೆಕ್ಕ ಹಾಕುತ್ತಿತ್ತು.

ವಿಚ್ಛೇದನ ಪಡೆದ ತಂದೆ ತಾಯಿ ಮಗುವನ್ನು ಹಂಚಿಕೊಂಡಾಗ ಜೀವನಾಂಶ, ಶಾಲೆ ಫೀಸು, ಬೇಸಿಗೆ ರಜೆ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಕಾಯಿಲೆಯನ್ನು ಬರೆದುಕೊಳ್ಳುವುದಿಲ್ಲ. ನಾನೇ ತಯಾರಿಸಿದ ರಾಜಿ ಪತ್ರಗಳಲ್ಲೂ ಎಷ್ಟೋ ವರ್ಷ ಆ ಸಾಲು ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕಾನೂನಿನಲ್ಲೂ ಒಂದು ತಮಾಷೆಯಿದೆ. 1955ರ ಹಿಂದೂ ವಿವಾಹ ಕಾಯಿದೆಯ 26ನೇ ಕಲಮು ಮಕ್ಕಳ ಸುಪರ್ದಿ, ಪೋಷಣೆ, ಶಿಕ್ಷಣ ಎನ್ನುತ್ತದೆಯೇ ಹೊರತು ಆರೋಗ್ಯ ಎಂಬ ಮಾತನ್ನು ಎತ್ತುವುದಿಲ್ಲ. ಅದಕ್ಕಿಂತ ಹಳೆಯದಾದ, ಬ್ರಿಟಿಷರ ಕಾಲದ 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯ 24ನೇ ಕಲಮಿನಲ್ಲಿ ಅದು ಸ್ಪಷ್ಟವಾಗಿದೆ: ಪೋಷಕನಾದವನು ಮಗುವಿನ ಪೋಷಣೆ, ಆರೋಗ್ಯ, ಶಿಕ್ಷಣ ಮೂರನ್ನೂ ನೋಡಿಕೊಳ್ಳಬೇಕು. ಅದೇ ಕಾಯಿದೆಯ 43ನೇ ಕಲಮು ಇನ್ನೂ ಉಪಯುಕ್ತ. ಒಬ್ಬರಿಗಿಂತ ಹೆಚ್ಚು ಪೋಷಕರಿದ್ದು ಮಗುವಿನ ಹಿತದ ವಿಷಯದಲ್ಲಿ ಅವರಿಗೆ ಒಮ್ಮತವಾಗದಿದ್ದರೆ ಯಾರು ಬೇಕಾದರೂ ನ್ಯಾಯಾಲಯದ ನಿರ್ದೇಶನ ಕೇಳಬಹುದು. ಟಾನ್ಸಿಲ್ ಆಪರೇಷನ್ ಬೇಕೇ ಬೇಡವೇ ಎಂಬ ಜಗಳಕ್ಕೂ ಇದೇ ದಾರಿ. ಆದರೆ ಈ ಬಾಗಿಲು ತಟ್ಟಿದವರನ್ನು ನಾನು ಕಂಡದ್ದು ಅಪರೂಪ. ನಮ್ಮಲ್ಲಿ ಜಗಳ ಕೋರ್ಟಿಗೆ ಬರುವುದು ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, 'ಇವರು ನೋಡಿಕೊಳ್ಳಲು ಅಯೋಗ್ಯರು' ಎಂಬ ಅರ್ಜಿಯ ರೂಪದಲ್ಲಿ.

ಸಹಿ ಯಾರದು ನಡೆಯುತ್ತದೆ ಎಂದು ತಾಯಂದಿರು ಈಗಲೂ ಕೇಳುತ್ತಾರೆ. 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವ ಕಾಯಿದೆಯಲ್ಲಿ ಸಹಜ ಪೋಷಕ ಎಂದರೆ ತಂದೆ, 'ಅವನ ನಂತರ' ತಾಯಿ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ಅಪ್ಪನ ಸಹಿ ತನ್ನಿ ಎಂದಿತು. ಆ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು, 'ನಂತರ' ಎಂದರೆ ಸತ್ತ ನಂತರ ಎಂದಲ್ಲ, ತಂದೆಯ ಗೈರುಹಾಜರಿಯಲ್ಲಿ ಎಂದು ಅರ್ಥ ಹೇಳಿತು. ಅಪ್ಪ ಮಗುವಿನ ಗೊಡವೆಗೇ ಹೋಗದಿದ್ದರೆ ಅದೂ ಗೈರುಹಾಜರಿಯೇ. ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲು ಎಂಬುದಂತೂ ಅದೇ ಕಾಯಿದೆಯ 13ನೇ ಕಲಮಿನಲ್ಲಿದೆ.

ಇನ್ನು ತುರ್ತು ಸಂದರ್ಭ. ಇಲ್ಲಿ ಹೆದರಬೇಕಾದ್ದಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ, ಅದಕ್ಕೆ ಮೊದಲಿದ್ದ ದಂಡ ಸಂಹಿತೆಯಲ್ಲೂ ಒಂದೇ ಮಾತು. ಹನ್ನೆರಡರೊಳಗಿನ ಮಗುವಿನ ಒಳಿತಿಗಾಗಿ, ಪೋಷಕರ ಅಥವಾ ಆ ಹೊತ್ತಿಗೆ ಕಾನೂನುಬದ್ಧವಾಗಿ ಮಗುವನ್ನು ನೋಡಿಕೊಳ್ಳುತ್ತಿರುವವರ ಒಪ್ಪಿಗೆ ಪಡೆದು ಸದ್ಭಾವನೆಯಿಂದ ಮಾಡಿದ ಚಿಕಿತ್ಸೆಗೆ ರಕ್ಷಣೆಯಿದೆ. ಒಪ್ಪಿಗೆ ಕೇಳಲು ಸಮಯವೇ ಇಲ್ಲದಿದ್ದರೆ ಒಪ್ಪಿಗೆಯಿಲ್ಲದೆಯೂ ಇದೆ. ಭಾನುವಾರದ ಅಪ್ಪ ಭಾನುವಾರ ಸಹಿ ಹಾಕಬಹುದು, ಹಾಕಲೇಬೇಕು.

ಆದರೆ ಉಬ್ಬಸ ಒಂದು ದಿನದ ತುರ್ತಲ್ಲ. ಇದೇ ಕಷ್ಟ. ಇನ್ಹೇಲರಿನಲ್ಲಿ ಎರಡು ಬಗೆ. ಉಸಿರು ಕಟ್ಟಿದಾಗ ತಕ್ಷಣ ಹೀರುವುದು ಒಂದು, ಕಟ್ಟದಿರಲೆಂದು ಚೆನ್ನಾಗಿದ್ದಾಗಲೂ ದಿನಾ ಹೀರುವುದು ಇನ್ನೊಂದು. ಔಷಧಿ ನೇರ ಶ್ವಾಸನಾಳಕ್ಕೇ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಬೀಡಿ ಸಿಗರೇಟಿನ ಹಾಗೆ ಅಂಟಿಕೊಳ್ಳುವ ಚಟ ಇದಲ್ಲ. ದಿನಾ ಹೀರುವುದನ್ನು ಒಂದು ಮನೆಯಲ್ಲಿ ಕೊಟ್ಟು ಇನ್ನೊಂದರಲ್ಲಿ ನಿಲ್ಲಿಸಿದರೆ ಅಮ್ಮ ಕಟ್ಟಿದ್ದನ್ನು ಅಪ್ಪ ಬಿಚ್ಚಿದಂತೆ. 2013ರಲ್ಲಿ ಕರ್ನಾಟಕ ಹೈಕೋರ್ಟು ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಿಸಿ, ಖರ್ಚು ಸಮಪಾಲು ಎಂದು ಆದೇಶಿಸಿತ್ತು. ಮಗುವಿಗೆ ಇಬ್ಬರೂ ಬೇಕು ಎಂಬ ಆ ಆಶಯವನ್ನು ನಾನು ಮೆಚ್ಚಿದವಳು. ಆದರೂ ದೀರ್ಘ ಕಾಯಿಲೆಯ ಮಗುವಿಗೆ ಇಂಥ ಏರ್ಪಾಡು ಮಾಡುವಾಗ ವೈದ್ಯರು ಯಾರು, ಮದ್ದು ಯಾವುದು ಎಂಬುದನ್ನು ಮೊದಲು ಗೊತ್ತು ಮಾಡದೆ ಕ್ಯಾಲೆಂಡರು ಹರಿದು ಹಂಚುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಇಂಗ್ಲೆಂಡಿನಲ್ಲಿ ಈ ಬಗೆಯ ವ್ಯಾಜ್ಯ ನೇರವಾಗಿ ನ್ಯಾಯಾಧೀಶರ ಮುಂದೆ ಹೋಗುತ್ತದೆ. 2003ರಲ್ಲಿ ಇಬ್ಬರು ತಾಯಂದಿರು ಮಕ್ಕಳಿಗೆ ಲಸಿಕೆ ಬೇಡವೆಂದರು, ಬೇರೆಯಾಗಿದ್ದ ತಂದೆಯರು ಬೇಕೆಂದರು. ನ್ಯಾಯಾಲಯ ವೈದ್ಯರ ಸಾಕ್ಷ್ಯ ಕೇಳಿ ಲಸಿಕೆ ಹಾಕಿಸಿ ಎಂದಿತು, ಮೇಲ್ಮನವಿಯಲ್ಲೂ ಅದೇ ನಿಂತಿತು. ಅಲ್ಲಿ ಕೇಳಿದ ಪ್ರಶ್ನೆ ಯಾರು ಒಳ್ಳೆಯ ಪೋಷಕರು ಎಂಬುದಲ್ಲ, ಈ ಮಗುವಿಗೆ ಈ ಮದ್ದು ಬೇಕೇ ಎಂಬುದು.

ತಪ್ಪೆಲ್ಲ ಅಪ್ಪಂದಿರದ್ದೇ ಎಂದು ಹೇಳುತ್ತಿಲ್ಲ. 'ನೆಗಡಿ ಇದೆ, ಈ ವಾರ ಕಳಿಸಲ್ಲ' ಎಂದು ತಿಂಗಳುಗಟ್ಟಲೆ ನೆಗಡಿಯನ್ನೇ ಬೇಲಿ ಮಾಡಿಕೊಂಡ ತಾಯಂದಿರ ವಕೀಲಳಾಗಿಯೂ ನಾನು ನಿಂತಿದ್ದೇನೆ. ಮಗು ಇದನ್ನೆಲ್ಲ ಬೇಗ ಕಲಿಯುತ್ತದೆ. ಎಲ್ಲಿ ಕೆಮ್ಮಬೇಕು, ಎಲ್ಲಿ ಕೆಮ್ಮು ನುಂಗಬೇಕು ಎಂಬುದು ಅದಕ್ಕೆ ಗೊತ್ತಾಗಿಬಿಡುತ್ತದೆ. ದುಬಾರೆಯ ಆನೆಗೂ ಮಾವುತ ಒಬ್ಬ, ಕಾವಾಡಿ ಇನ್ನೊಬ್ಬ. ಅದರ ಮದ್ದಿಗೆ ಪಶುವೈದ್ಯರ ಮಾತು ಇಬ್ಬರಿಗೂ ಒಂದೇ. ಆನೆಗೆ ಇರುವ ಈ ಅನುಕೂಲ ನಮ್ಮ ಮಕ್ಕಳಿಗೆ ಇಲ್ಲ!

ಈಗ ನನ್ನ ಬಳಿ ಬರುವವರ ರಾಜಿ ಪತ್ರದಲ್ಲಿ ಅರ್ಧ ಪುಟ ಇದಕ್ಕೇ ಮೀಸಲು. ಮಗುವಿನ ವೈದ್ಯರ ಹೆಸರು ಅದರಲ್ಲಿರುತ್ತದೆ. ಅವರು ಬರೆದ ಮದ್ದು ಎರಡೂ ಮನೆಯಲ್ಲಿ ನಡೆಯಬೇಕು. ಬೇರೆ ಪದ್ಧತಿಯ ಔಷಧಿ ಶುರು ಮಾಡುವುದಿದ್ದರೆ, ಇರುವುದನ್ನು ನಿಲ್ಲಿಸುವುದಿದ್ದರೆ ಮೊದಲು ಇನ್ನೊಬ್ಬರಿಗೆ ತಿಳಿಸಬೇಕು. ಚೀಟಿಗಳ ಪುಸ್ತಕ ಮಗುವಿನ ಚೀಲದಲ್ಲೇ ಓಡಾಡಬೇಕು. ಆಸ್ಪತ್ರೆಗೆ ಸೇರಿಸಿದರೆ ಆ ಕೂಡಲೇ ಫೋನು, ಮತ್ತು ಆ ಫೋನನ್ನು ಅಯೋಗ್ಯತೆಯ ಸಾಕ್ಷಿಯಾಗಿ ಬಳಸಕೂಡದು. ಈ ಕೊನೆಯದಕ್ಕೆ ಸಹಿ ಮಾಡಿಸುವುದೇ ಎಲ್ಲಕ್ಕಿಂತ ಕಷ್ಟ.

ಕುಶಾಲನಗರದಲ್ಲಿ ಹುಡುಗನ ಮೂಗಿಗೆ ಮಾಸ್ಕು ಕಟ್ಟಿ ಹಬೆಯ ಔಷಧಿ ಕೊಟ್ಟರು. ಅರ್ಧ ಗಂಟೆಗೆ ಭುಜ ಇಳಿಯಿತು. ಡಾಕ್ಟರು, "ದಿನಾ ಯಾವುದು ತಗೋತಾನೆ?" ಎಂದರು. ಅಪ್ಪನಿಗೆ ಹೆಸರು ಗೊತ್ತಿರಲಿಲ್ಲ. ಮೊಬೈಲು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ನಾನು ವಕೀಲಳೆಂದು ಹೇಳಿರಲಿಲ್ಲ, ಹೇಳಲೂ ಇಲ್ಲ. ಕೊನೆಗೆ ಫೋನು ಮಾಡಿದರು. ಆ ಕಡೆಯಿಂದ ಕೂಗಾಟ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅವರು "ಹೂಂ... ಹೂಂ... ಬರ್ಕೋತೀನಿ" ಎನ್ನುತ್ತಾ ನನ್ನ ಕಡೆ ಪೆನ್ನಿಗೆ ಕೈ ಚಾಚಿದರು.

ಹೊರಗೆ ಔಷಧಿ ಅಂಗಡಿಯಲ್ಲಿ ಆ ಚೀಟಿ ಕೊಟ್ಟು, "ಎರಡೆರಡು ಕೊಡಿ" ಎಂದರು.

"ಒಂದೊಂದು ಸಾಕಲ್ವಾ ಸಾರ್? ಬಹಳ ದಿನ ಬರುತ್ತೆ," ಎಂದ ಅಂಗಡಿಯವನು.

"ಎರಡು ಮನೆ ಇದೆ," ಎಂದರು.

ಹುಡುಗ ನನ್ನ ತಂಗಿಯ ಮಗಳ ಹತ್ತಿರ, ಆನೆ ನೀರಲ್ಲಿ ಮಲಗುತ್ತಾ, ನಿಂತೇ ಇರುತ್ತಾ ಎಂದು ವಿಚಾರಿಸುತ್ತಿದ್ದ. ಅವಳೂ ನೋಡಿರಲಿಲ್ಲ.