ಪಿಂಚಣಿ ಹಣ ಜೂಜಿನ ಕಾಸಲ್ಲ!

ಕಂಪನಿಗಳಲ್ಲಿ ದುಡಿಯುವ ಗೆಳೆಯರೇ, ನಿಮ್ಮ ಎನ್‌ಪಿಎಸ್ ಪಿಂಚಣಿ ಖಾತೆಯ ಹಣ ಯಾವುದರಲ್ಲಿ ಕೂತಿದೆ? ಗೊತ್ತಿಲ್ಲವೇ? ನಾಚಿಕೆ ಬೇಡ. ಇಂದೇ ತಿಳಿದುಕೊಳ್ಳಿ!

2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆದ ಈ ಯೋಜನೆಯಲ್ಲಿ ಮುಖ್ಯವಾಗಿ ಮೂರು ದಾರಿ: ಷೇರು, ಕಂಪನಿಗಳ ಸಾಲಪತ್ರ, ಸರ್ಕಾರಿ ಸಾಲಪತ್ರ. ನೀವು ಬಾಯಿ ಬಿಡದಿದ್ದರೆ ಯೋಜನೆಯೇ ಹಣ ಹಂಚುತ್ತದೆ. 35ರ ವಯಸ್ಸಿನವರೆಗೆ ಅರ್ಧ ಪಾಲು ಷೇರಿಗೆ. 55ರ ಹೊತ್ತಿಗೆ ಅದು ಶೇ. 10ಕ್ಕೆ ಇಳಿಯುತ್ತದೆ. ನೀವೇ ಹಂಚುವುದಾದರೆ ಸಾಮಾನ್ಯ ಯೋಜನೆಯಲ್ಲಿ ಷೇರಿಗೆ ಶೇ. 75ರವರೆಗೆ ಹಾಕಬಹುದು. ಈ ಹಂಚಿಕೆಯನ್ನು ವರ್ಷಕ್ಕೆ ನಾಲ್ಕು ಸಲ ಬದಲಿಸಬಹುದು. ಹೊರಗೆ ಮ್ಯೂಚುವಲ್ ಫಂಡ್ ಮಾರಿ ಇನ್ನೊಂದನ್ನು ಕೊಂಡರೆ ಲಾಭದ ಮೇಲೆ ತೆರಿಗೆಯ ಲೆಕ್ಕ ಬರುತ್ತದೆ. ಖಾತೆಯೊಳಗೇ ಬದಲಿಸಿದರೆ ತೆರಿಗೆ ಇಲ್ಲ.

ಇದು ನಿಮ್ಮ ಹಕ್ಕು. ಆದರೆ ಹೆದರಿದಾಗಲೆಲ್ಲ ಓಡುವುದಕ್ಕೆ ಹಕ್ಕು ಎನ್ನುವುದಿಲ್ಲ! 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ದ ಕೆಳಗೆ ಬಿತ್ತು. ಡಿಸೆಂಬರ್ ಕೊನೆಗೆ 47,000 ದಾಟಿತ್ತು. ತಳದಲ್ಲಿ ಷೇರು ಬಿಟ್ಟು ಸಾಲಪತ್ರಕ್ಕೆ ಜಿಗಿದು ಕೂತವನಿಗೆ ದಕ್ಕಿದ್ದು ನಷ್ಟ ಮಾತ್ರ. ತೆರಿಗೆ ಇಲ್ಲ ಎಂಬ ಸಮಾಧಾನ ಅವನ ಕೈ ಹಿಡಿಯಲಿಲ್ಲ.

ಹಾಗೆಂದು 58ರಲ್ಲೂ ಷೇರನ್ನೇ ತಬ್ಬಿಕೊಂಡು ಕೂರಬೇಡಿ. ಬಿದ್ದರೆ ಏಳಲು ಆಗ ಸಮಯವೆಲ್ಲಿ? ವಯಸ್ಸು ಏರಿದಾಗ, ಮನೆಯ ಹೊಣೆ ಬದಲಾದಾಗ ಬದಲಿಸಿ, ಟಿವಿಯ ಕೂಗಾಟಕ್ಕಲ್ಲ. ಯುಗಾದಿಗೊಮ್ಮೆಯಾದರೂ ಖಾತೆ ತೆರೆದು ನೋಡಿ.

ಬೆವರು ನಿಮ್ಮದು. ಲೆಕ್ಕವೂ ನಿಮ್ಮದೇ ಆಗಲಿ!