ಹಸಿಯೂಟಕ್ಕೆ ಯಂತ್ರವೇಕೆ?

ಕಳೆದ ಬೇಸಗೆಯಲ್ಲಿ ನಮ್ಮ ಸಂಘದ ಆಶ್ರಯದಲ್ಲಿ ಕಂಬಂನಲ್ಲಿ ಒಂದು ಆರೋಗ್ಯೋಪನ್ಯಾಸ ಏರ್ಪಾಡಾಗಿತ್ತು. ಉಪನ್ಯಾಸಕರು ದೊಡ್ಡ ಊರಿನಿಂದ ಬಂದವರು, ಮಾತು ಬಲ್ಲವರು. ಬೇಯಿಸದ ಆಹಾರದ ಮಹಿಮೆಯನ್ನು ಮುಕ್ಕಾಲು ಗಂಟೆ ಬಣ್ಣಿಸಿದರು. ಅಲ್ಲಿಯವರೆಗೆ ನಮ್ಮದೇನೂ ತಕರಾರಿರಲಿಲ್ಲ. ಆಮೇಲೆ ಅವರು ಮೇಜಿನ ಮೇಲಿನ ಬಟ್ಟೆಯನ್ನು ಸರಿಸಿದರು. ಅದರಡಿಯಲ್ಲಿ ರಸ ಹಿಂಡುವ ಯಂತ್ರವೊಂದು, ನುಣ್ಣಗೆ ಅರೆಯುವ ಯಂತ್ರವೊಂದು, ಹಣ್ಣು ತರಕಾರಿಗಳನ್ನು ಒಣಗಿಸುವ ಪೆಟ್ಟಿಗೆಯೊಂದು, ಹೀಗೆ ಮೂರು ಉಪಕರಣಗಳು ಸಾಲಾಗಿ ಕುಳಿತಿದ್ದವು. ಇವಿಲ್ಲದೆ ಹಸಿಯಾಹಾರದ ವ್ರತ ನಡೆಯದೆಂದು ಅವರು ಸಾರಿದರು. ಮೂರರ ಬೆಲೆಯನ್ನು ಕೂಡಿಸಿದರೆ ನಮ್ಮಂಥ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಒಂದು ತಿಂಗಳ ಸಂಬಳವನ್ನು ಮೀರುತ್ತಿತ್ತು.

ಹಿಂದಿನ ಸಾಲಿನಲ್ಲಿ ದ್ರಾಕ್ಷಿತೋಟದಲ್ಲಿ ಕೂಲಿಮಾಡುವ ತಾಯಿಯೊಬ್ಬರು ಮಗಳೊಡನೆ ಕುಳಿತಿದ್ದರು. ಮಗಳು ನಮ್ಮ ಸಂಘದ ಸಂಜೆಯ ಅಕ್ಷರವರ್ಗಕ್ಕೆ ಬರುವ ಹುಡುಗಿ. ಮನೆಯಲ್ಲಿ ಆಡುವ ಕನ್ನಡವನ್ನು ಓದಲೂ ಬರೆಯಲೂ ಕಲಿಯುತ್ತಿದ್ದಾಳೆ. ಹೊರಡುವಾಗ ಆ ತಾಯಿ, "ಇದೆಲ್ಲಾ ಇರೋರಿಗೆ ವಾಧ್ಯಾರೇ, ನಮಗಲ್ಲ" ಎಂದು ನಕ್ಕು ನಡೆದರು. ಆ ನಗೆಗೆ ಅಲ್ಲಿಯೇ ಉತ್ತರ ಕೊಡಬೇಕಾಗಿತ್ತು. ಕೊಡಲಿಲ್ಲ, ನಾವು ಅತಿಥಿಗಳಿಗೆ ಹಾರ ಹಾಕುವ ಗಡಿಬಿಡಿಯಲ್ಲಿದ್ದೆವು. ಆ ಬಾಕಿಯನ್ನು ಈ ಲೇಖನದಲ್ಲಿ ತೀರಿಸಬೇಕೆಂದಿದ್ದೇವೆ.

ಹೊಸೂರು, ತಾಳವಾಡಿಗಳ ಕನ್ನಡ ಶಾಲೆಗಳ ಉಪಾಧ್ಯಾಯ ಬಂಧುಗಳೂ ವಿದ್ಯಾರ್ಥಿಗಳೂ ಈ ಪತ್ರಿಕೆಯನ್ನು ಓದುತ್ತಾರೆ. ಅವರೆದುರಿಗೆ ನಮ್ಮ ವಾದವನ್ನು ಮೊದಲೇ ಇಟ್ಟುಬಿಡುತ್ತೇವೆ. ಹಸಿಯಾಗಿ ತಿನ್ನಬಹುದಾದುದನ್ನು ಹಸಿಯಾಗಿ ತಿನ್ನುವುದಕ್ಕೆ ಈಳಿಗೆಮಣೆ, ತುರಿಮಣೆ, ಒರಳು, ಒಂದು ತುಂಡು ಬಟ್ಟೆ, ಇಷ್ಟು ಸಾಕು. ಯಂತ್ರವಿಲ್ಲದೆ ಆಗದೆನ್ನುವವರು ಬಡವರ ಕೈಗೆ ನಿಲುಕುವ ಒಂದು ಒಳ್ಳೆಯ ಪದ್ಧತಿಯನ್ನು ಅವರ ಕೈಯಿಂದ ಕಸಿದು ಎತ್ತರದ ಗೂಡಿನಲ್ಲಿಡುತ್ತಿದ್ದಾರೆ. ಇದು ಅನ್ಯಾಯವೆಂದೇ ನಮ್ಮ ದೂರು.

ಹೀಗೆ ಹೇಳುವ ಹಕ್ಕು ನಮಗೆ ನಷ್ಟದಿಂದ ಬಂದಿದೆ. ನಾಲ್ಕು ವರ್ಷಗಳ ಕೆಳಗೆ ನಾವೂ ಇಂಥದೇ ಮಾತಿಗೆ ಮರುಳಾಗಿ ರಸ ಹಿಂಡುವ ಯಂತ್ರವೊಂದನ್ನು ಕಂತಿನ ಮೇಲೆ ಕೊಂಡೆವು. ಒಂದು ಬುಟ್ಟಿ ಕ್ಯಾರೆಟ್ಟು ಹಾಕಿದರೆ ಮುಂದಿನ ಬಾಯಿಂದ ಎರಡು ಲೋಟ ರಸ ಬರುತ್ತಿತ್ತು. ಹಿಂದಿನ ಬಾಯಿಂದ ನಾರೂ ತಿರುಳೂ ಬೀಳುತ್ತಿದ್ದವು. ಅವನ್ನು ಪಕ್ಕದ ಮನೆಯ ಎಮ್ಮೆಗೆ ಹಾಕುತ್ತಿದ್ದೆವು. ಯಂತ್ರವನ್ನು ತೊಳೆಯುವುದಕ್ಕೆ ಕಾಲು ಗಂಟೆ ಬೇರೆ. ಆರು ತಿಂಗಳಲ್ಲಿ ಎಮ್ಮೆ ಮೈದುಂಬಿಕೊಂಡಿತು, ನಾವು ಸಾಲಗಾರರಾದೆವು. ಕರುಳಿಗೆ ಬೇಕಾದುದು ಆ ನಾರೇ, ಹಣ್ಣಿನ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುವುದೂ ಅದೇ ಎಂಬುದು ಆಮೇಲೆ ತಿಳಿಯಿತು. ಹಲ್ಲು ಗಟ್ಟಿಯಾಗಿರುವವನು ಕ್ಯಾರೆಟ್ಟನ್ನು ಕಡಿದು ತಿಂದರೆ ಎಮ್ಮೆಯ ಪಾಲೂ ಅವನಿಗೇ ಉಳಿಯುತ್ತದೆ. ಯಂತ್ರ ಈಗ ಅಟ್ಟದ ಮೇಲಿದೆ.

ಯಂತ್ರದ ಪಕ್ಷದವರು ಮಾತೆತ್ತಿದರೆ ಪಶ್ಚಿಮ ದೇಶಗಳ ಹೆಸರು ಹೇಳುತ್ತಾರೆ. ಒಳ್ಳೆಯದು, ಪಶ್ಚಿಮಕ್ಕೇ ಹೋಗೋಣ. ಯೂರೋಪಿನಲ್ಲಿ ಹಸಿಯಾಹಾರಕ್ಕೆ ಮರ್ಯಾದೆ ತಂದವರಲ್ಲಿ ಮೊದಲಿಗರು ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸ್ ಬಿರ್ಷರ್-ಬೆನ್ನರ್ (1867–1939). ಅವರು 1904ರಲ್ಲಿ ಜೂರಿಕ್ ನಗರದ ಬೆಟ್ಟದ ಮೇಲೆ ಒಂದು ಆರೋಗ್ಯಧಾಮವನ್ನು ತೆರೆದರು. ಅಲ್ಲಿ ರೋಗಿಗಳಿಗೆ ಬಡಿಸುತ್ತಿದ್ದ ಮುಖ್ಯ ತಿನಿಸೆಂದರೆ ನೆನೆಸಿದ ಒಂದು ಚಮಚ ಓಟ್ಸ್ ಧಾನ್ಯ, ಸಿಪ್ಪೆಸಹಿತ ತುರಿದ ಸೇಬು, ನಿಂಬೆಯ ರಸ, ಒಂದಿಷ್ಟು ಗಟ್ಟಿಹಾಲು, ಕುಟ್ಟಿದ ಬೀಜಗಳು. ಇಂದು ಪೇಟೆಯಲ್ಲಿ ಮ್ಯೂಸ್ಲಿ ಎಂಬ ಹೆಸರಿನಿಂದ ಪೊಟ್ಟಣದಲ್ಲಿ ಮಾರುವುದು ಇದರ ದೂರದ ಮೊಮ್ಮಗ. ಆ ವೈದ್ಯರ ಹೆಸರಿನಿಂದ ಇಂದಿಗೂ ಕರೆಯಲ್ಪಡುವ ಉಪಕರಣವೊಂದಿದೆ. ಅದು ಯಾವುದು ಬಲ್ಲಿರಾ? ಒಂದು ತುರಿಮಣೆ!

ಅದೇ ಪಶ್ಚಿಮದ ಇನ್ನೊಂದು ಕಥೆಯನ್ನೂ ಕೇಳಿ. ಅಮೆರಿಕದಲ್ಲಿ 2016ರಲ್ಲಿ ಜೂಸೆರೋ ಎಂಬ ರಸ ಹಿಂಡುವ ಯಂತ್ರ ಮಾರುಕಟ್ಟೆಗೆ ಬಂದಿತು. ಬೆಲೆ 699 ಡಾಲರು. ಹೆಚ್ಚಿದ ಹಣ್ಣು ತರಕಾರಿಗಳ ಚೀಲವನ್ನೂ ಆ ಸಂಸ್ಥೆಯಿಂದಲೇ ಕೊಳ್ಳಬೇಕು. ಯಂತ್ರ ಅದನ್ನು ಒತ್ತಿ ರಸ ಇಳಿಸುತ್ತದೆ. ಮರುವರ್ಷದ ಏಪ್ರಿಲ್ ತಿಂಗಳಲ್ಲಿ ಪತ್ರಿಕಾಕರ್ತರು ಆ ಚೀಲವನ್ನು ಬರಿಗೈಯಿಂದಲೇ ಹಿಂಡಿ ತೋರಿಸಿದರು. ಯಂತ್ರ ಮಾಡುವ ಕೆಲಸವನ್ನು ಕೈ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ದೇವರು ಕೊಟ್ಟ ಎರಡು ಕೈಗಳನ್ನು ಮರೆತು ಕೋಟಿಗಟ್ಟಲೆ ಹಣ ಸುರಿದವರ ಗತಿ ಇದು.

ಇನ್ನು ನಮ್ಮ ಮನೆಗೆ ಬರೋಣ. ಕನ್ನಡ ನಾಡಿನಲ್ಲಿ ಶ್ರೀರಾಮನವಮಿಯ ದಿನ ಚಪ್ಪರದಡಿಯಲ್ಲಿ ಹಂಚುವುದೇನು? ಪಾನಕ, ನೀರುಮಜ್ಜಿಗೆ, ಕೋಸಂಬರಿ. ಇವುಗಳಲ್ಲಿ ಯಾವುದಕ್ಕೆ ಒಲೆ ಹೊತ್ತಿಸಬೇಕು? ಒಗ್ಗರಣೆ ಹಾಕಿದರೆ ಹಾಕಿದರು, ಬಿಟ್ಟರೆ ಬಿಟ್ಟರು. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಸೌತೆಕಾಯಿಯನ್ನು ಕೊಚ್ಚಿ, ಕಾಯಿ ತುರಿದು, ನಿಂಬೆ ಹಿಂಡಿದರೆ ಆಯಿತು. ಇದನ್ನು ನಮ್ಮ ಅಜ್ಜಿಯರು ಯಾವ ಉಪನ್ಯಾಸವನ್ನೂ ಕೇಳದೆ ಮಾಡಿದರು. ಕೋಸಂಬರಿಯನ್ನು ಕಂಡ ಜನಕ್ಕೆ ಹಸಿಯಾಹಾರವನ್ನು ಹೊಸದಾಗಿ ಮಾರಲು ಬರುವುದು ಸಮುದ್ರತೀರದಲ್ಲಿ ಉಪ್ಪಿನ ಅಂಗಡಿ ಇಟ್ಟಂತೆ.

ನಾವಿರುವ ಸೀಮೆಯೋ ಹಸಿಯೂಟಕ್ಕೆ ಹೇಳಿ ಮಾಡಿಸಿದಂಥದು. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಪಡುವಲಿಗೆ ಹರಿಯುತ್ತಿದ್ದ ನೀರು ಸುರಂಗದ ಮೂಲಕ ಈ ಕಣಿವೆಗೆ ಇಳಿದಂದಿನಿಂದ ಇಲ್ಲಿ ಹಸುರಿಗೆ ಬರವಿಲ್ಲ. ಕಂಬಂನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರಕಿತು. ತೇನಿಯ ಬಾಳೆ, ಕಣಿವೆಯುದ್ದಕ್ಕೂ ತೆಂಗು, ದಿಂಡಿಗಲ್ ಕಡೆಗೆ ನಡೆದರೆ ಸಿರುಮಲೆಯ ಬೆಟ್ಟದ ಬಾಳೆ, ಒಡ್ಡಂಛತ್ರದ ತರಕಾರಿ ಮಂಡಿ. ಇವೆಲ್ಲ ಲಾರಿಯೇರಿ ದೂರದ ಪೇಟೆಗಳಿಗೆ ಹೋಗುತ್ತವೆ. ಲಾರಿಗೆ ಹೊರೆ ಏರಿಸುವವರ ಮಕ್ಕಳು ಅಂಗಡಿಯಿಂದ ಉಪ್ಪು ಖಾರದ ಪೊಟ್ಟಣವನ್ನು ಕೊಂಡು ತಿನ್ನುತ್ತಾರೆ. ಆ ಪೊಟ್ಟಣದ ಕಾಸಿಗೆ ಒಂದು ಸೀಬೆಹಣ್ಣೋ ಎರಡು ಬಾಳೆಹಣ್ಣೋ ಬರುತ್ತದೆ. ಇದನ್ನು ಹೇಳಬೇಕಾದವರು ಯಾರು? ಉಪಾಧ್ಯಾಯರಾದ ನಾವೇ ಅಲ್ಲವೇ?

ಮಾಡುವ ಬಗೆಯನ್ನೂ ಹೇಳಿಬಿಡುತ್ತೇವೆ. ರಾತ್ರಿ ಒಂದು ಹಿಡಿ ಹೆಸರುಕಾಳನ್ನು ನೆನೆಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗಹಾಕಬೇಕು. ಬಟ್ಟೆ ಒಣಗದಂತೆ ಶುದ್ಧವಾದ ನೀರು ಚಿಮುಕಿಸುತ್ತಿದ್ದರೆ ಮರುದಿನ ಮೊಳಕೆ ಇಣುಕುತ್ತದೆ. ಅದಕ್ಕೆ ಕಾಯಿತುರಿ, ಉಪ್ಪು, ನಿಂಬೆ. ನೆನೆಸಿದ ಕಡಲೆಕಾಯಿ ಬೀಜ ಒಂದು ಹಿಡಿ. ನೆಲ್ಲಿಕಾಯಿಯನ್ನು ಉಪ್ಪಿನೊಡನೆ ಕುಟ್ಟಾಣಿಯಲ್ಲಿ ಜಜ್ಜಿದರೆ ಚಟ್ನಿ. ತುರಿದ ಕಾಯನ್ನು ಒರಳಲ್ಲಿ ಅರೆದು ಬಟ್ಟೆಯಲ್ಲಿ ಹಿಂಡಿದರೆ ಕಾಯಿಹಾಲು. ಅದಕ್ಕೆ ಬಾಳೆಹಣ್ಣನ್ನು ಕಿವುಚಿ ಹಾಕಿದರೆ ಮಕ್ಕಳು ಬೇಡವೆನ್ನರು. ಎಳ್ಳು ಬೆಲ್ಲಗಳನ್ನು ಕುಟ್ಟಿ ಉಂಡೆ ಕಟ್ಟಬಹುದು. ಬೆಲ್ಲವೂ ಕುದಿದು ಬಂದದ್ದಲ್ಲವೇ ಎಂದು ಕಟ್ಟಾ ವ್ರತಿಗಳು ಕೇಳಿಯಾರು. ಕೇಳಲಿ, ನಮಗೆ ಮಕ್ಕಳ ಹೊಟ್ಟೆ ಮುಖ್ಯ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಗೆ ಉತ್ತರ ಹೇಳಬೇಕು. ತಮಿಳುನಾಡಿನಲ್ಲಿ 2011ರಲ್ಲಿ ಸರಕಾರ ಬಡಕುಟುಂಬಗಳಿಗೆ ಮಿಕ್ಸಿ, ಗ್ರೈಂಡರುಗಳನ್ನು ಉಚಿತವಾಗಿ ಹಂಚತೊಡಗಿತು. ಒರಳುಗಳು ಹಿತ್ತಿಲು ಸೇರಿದವು. ಹೆಂಗಸರ ರಟ್ಟೆ ನೋವು ಕಡಮೆಯಾಯಿತು. ಅದನ್ನು ನಾವು ಹಳಿಯುವುದಿಲ್ಲ. "ಒರಳಿಗೆ ಹಿಂದಿರುಗಿ ಎನ್ನುವ ನೀವು ರುಬ್ಬುತ್ತೀರಾ?" ಎಂದು ನಮ್ಮ ಮನೆಯವರೇ ಕೇಳಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಮಿಕ್ಸಿ ಇದ್ದವರು ಬಳಸಲಿ. ಇಲ್ಲದಿದ್ದರೆ ವ್ರತಭಂಗವಾಗದು ಎಂಬುದಷ್ಟೇ ನಮ್ಮ ಮಾತು. ಇನ್ನು ಹೆಚ್ಚುವ, ತುರಿಯುವ ಕೆಲಸವನ್ನು ಗಂಡಸರೂ ಗಂಡುಮಕ್ಕಳೂ ಕಲಿಯಲಿ. ಈಳಿಗೆಮಣೆಯ ಮುಂದೆ ಕುಳಿತರೆ ಗಂಡಸುತನ ಕರಗುವುದಿಲ್ಲ. ನಾವು ಕುಳಿತು ನೋಡಿದ್ದೇವೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಅತಿರೇಕವನ್ನೂ ಖಂಡಿಸದಿದ್ದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಒಲೆಯೇ ಪಾಪ, ಅನ್ನವೇ ವಿಷ, ಹಸಿಯಾಹಾರದಿಂದ ಸಕಲ ರೋಗಗಳೂ ಓಡುವುವು ಎನ್ನುವವರಿದ್ದಾರೆ. ಅವರಿಗೆ ಗಾಂಧೀಜಿಯವರ ಉದಾಹರಣೆ ಸಾಕು. 1893ರಲ್ಲಿ ಪ್ರಿಟೋರಿಯಾದಲ್ಲಿ ಅವರು ಬೇಯಿಸದ ಆಹಾರವನ್ನು ಪರೀಕ್ಷಿಸಿ, ಎರಡು ವಾರ ತುಂಬುವ ಮೊದಲೇ ನಿಲ್ಲಿಸಿದರು. 1929ರಲ್ಲಿ ಮತ್ತೆ ಕೈಹಾಕಿದರು. ಮೊಳಕೆಯ ಗೋಧಿ, ಅರೆದ ಬಾದಾಮಿ, ಸೊಪ್ಪು, ನಿಂಬೆ, ಜೇನು, ಇವೇ ಅವರ ಊಟ. ಕೆಲವೇ ತಿಂಗಳಲ್ಲಿ ಆಮಶಂಕೆ ತಗಲಿ ಅದನ್ನು ಕೈಬಿಟ್ಟರು. ಕೈಬಿಟ್ಟುದನ್ನು ಮುಚ್ಚಿಡದೆ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿಯೇ ಬರೆದರು. ಆ ಪ್ರಾಮಾಣಿಕತೆ ನಮ್ಮ ಪ್ರಚಾರಕರಿಗೆ ಬರುವುದು ಎಂದಿಗೆ?

ಜರ್ಮನಿಯಲ್ಲಿ ದೀರ್ಘಕಾಲ ಹಸಿಯಾಹಾರವನ್ನೇ ನಂಬಿದ ಐನೂರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ ವರದಿಯೊಂದು 1999ರಲ್ಲಿ ಪ್ರಕಟವಾಯಿತು. ನಲವತ್ತೈದರೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮುಟ್ಟು ಏರುಪೇರಾಗಿತ್ತು, ಇಲ್ಲವೆ ನಿಂತೇ ಹೋಗಿತ್ತು. ಮೈತೂಕ ಬಹಳ ಇಳಿದಿತ್ತು. ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಪೂರ್ತಿ ಹಸಿಯೂಟ ಹೇಳುವುದು ಅಪರಾಧವೆಂದೇ ನಮ್ಮ ಅಭಿಪ್ರಾಯ. ಹಸಿಯಾಗಿ ತಿನ್ನಲೇಬಾರದ ಪದಾರ್ಥಗಳೂ ಇವೆ. ಮರಗೆಣಸಿನಲ್ಲಿ ವಿಷಾಂಶವಿದೆ, ಬೇಯಿಸಿಯೇ ತಿನ್ನಬೇಕು. ಕೆಂಪು ರಾಜ್ಮಾ ಕಾಳು ಚೆನ್ನಾಗಿ ಕುದಿಯದಿದ್ದರೆ ವಾಂತಿಭೇದಿ ತರುತ್ತದೆ. ಕೆಸುವಿನ ಸೊಪ್ಪು ಗಂಟಲನ್ನು ಕೆರೆಯುತ್ತದೆ. ಕಾಯಿಸದ ಹಾಲು ಬೇಡ. ಟೊಮೇಟೊ, ಕ್ಯಾರೆಟ್ಟುಗಳ ಕೆಲವು ಸತ್ವಗಳಂತೂ ಬೆಂದಾಗಲೇ ಮೈಗೆ ಹೆಚ್ಚು ದಕ್ಕುತ್ತವೆ. ಬೆಂಕಿಯೂ ಮನುಷ್ಯನ ಮಿತ್ರನೇ. ದ್ರಾಕ್ಷಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ತೋಟದಲ್ಲಿ ಔಷಧ ಹೊಡೆಯುವುದನ್ನು ನಾವೆಲ್ಲ ಕಂಡವರು, ಗೊಂಚಲನ್ನು ಬಿಡಿಸಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯದೆ ಬಾಯಿಗಿಡಬಾರದು.

ಹಾಗಾದರೆ ನಾವು ಬೇಡುವುದೇನು? ದಿನಕ್ಕೊಂದು ತಟ್ಟೆ. ಬೆಂದ ಊಟದ ಪಕ್ಕದಲ್ಲಿ ಒಂದು ಹಸಿಯ ಪದಾರ್ಥ. ಅಷ್ಟೇ. ಇದರ ಅಗತ್ಯ ಎಷ್ಟೆಂಬುದನ್ನು ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ತಾಯಂದಿರ ವಯಸ್ಸಿನ ಹೆಂಗಸರಲ್ಲಿಯೂ ಹಾಗೆಯೇ. ಧಾನ್ಯ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಮೈ ಅದನ್ನು ಸುಲಭವಾಗಿ ಹೀರಿಕೊಳ್ಳದು. ಅದೇ ಊಟದಲ್ಲಿ ಸಿ ಜೀವಸತ್ವ ಸೇರಿದರೆ ಹೆಚ್ಚು ಹೀರಿಕೊಳ್ಳುತ್ತದೆ. ಈ ಜೀವಸತ್ವವೋ ಬೆಂಕಿಗೆ ಹೆದರುವಂಥದು. ಕುದಿಸಿದರೆ ಬಹುಪಾಲು ಹಾಳಾಗುತ್ತದೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಇದು 200 ಮಿಲಿಗ್ರಾಂಗೂ ಮಿಗಿಲಾಗಿದೆ. ನೆಲ್ಲಿಕಾಯಿಯೂ ಅದಕ್ಕೆ ಸಮ. ಶಾಲೆಯ ಮಧ್ಯಾಹ್ನದೂಟ 1982ರಲ್ಲಿ ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತಾರಗೊಂಡಿತು, 2022ರಲ್ಲಿ ಬೆಳಗಿನ ತಿಂಡಿಯೂ ಆರಂಭವಾಯಿತು. ಈ ಬೆಂದ ಊಟದ ಪಕ್ಕದಲ್ಲಿ ಅರ್ಧ ಸೀಬೆಹಣ್ಣು, ಬೇಯಿಸಿದ ಕಾಳಿನ ಮೇಲೆ ನಾಲ್ಕು ಹನಿ ನಿಂಬೆ ಬಿದ್ದರೆ ಆ ಊಟದ ಬೆಲೆ ಹೆಚ್ಚುತ್ತದೆ. ಇದಕ್ಕೆ ಯಾವ ಯಂತ್ರ ಬೇಕು?

ಉಪಾಧ್ಯಾಯ ಬಂಧುಗಳೇ, ಶಾಲೆಯ ಮೂಲೆಯಲ್ಲಿ ಒಂದು ಸೀಬೆಗಿಡ, ಒಂದು ನಿಂಬೆಗಿಡ ನೆಡಿಸಿ. ವಿಜ್ಞಾನ ಪಾಠದಲ್ಲಿ ಮೊಳಕೆಯ ಚಿತ್ರ ಬರೆಸುವ ಬದಲು ಮೊಳಕೆ ಕಟ್ಟಿಸಿ, ತಿನ್ನಿಸಿ. ವಿದ್ಯಾರ್ಥಿಗಳೇ, ಹಸಿಯದನ್ನು ಆಡಿನ ಮೇವೆಂದು ನಗುವವರಿಗೆ ಹೆದರಬೇಡಿ. ಆಡು ಅಟ್ಟದ ಮೇಲೆ ಸಾಲದ ಯಂತ್ರವನ್ನು ಇಟ್ಟುಕೊಂಡಿಲ್ಲ.

ಬರುವ ಶ್ರೀರಾಮನವಮಿಗೆ ನಮ್ಮ ಅಕ್ಷರವರ್ಗದ ಮಕ್ಕಳು ತಮ್ಮ ಕೈಯಿಂದಲೇ ಕೋಸಂಬರಿ ಮಾಡಿ ಹಂಚಲಿದ್ದಾರೆ. ಆ ಹುಡುಗಿಯ ತಾಯಿಯನ್ನು ಮೊದಲ ಪಂಕ್ತಿಗೆ ಕರೆದಿದ್ದೇವೆ. ಉಪನ್ಯಾಸಕ ಮಹಾಶಯರಿಗೂ ಆಹ್ವಾನವಿದೆ. ಯಂತ್ರಗಳನ್ನು ಊರಿನಲ್ಲಿಯೇ ಬಿಟ್ಟು ಬರಲಿ. ಈಳಿಗೆಮಣೆಯನ್ನು ನಾವೇ ಕೊಡುತ್ತೇವೆ.