ತೆರಿಗೆ ನಿವಾಸದ ಘೋಷಣೆ ಕನ್ನಡದಲ್ಲಿರಲಿ



ನರಿಮೊಗರು ಆಸುಪಾಸಿನಲ್ಲಿ ಹಾಳೆತಟ್ಟೆ ಘಟಕ, ಅಡಿಕೆ ವ್ಯಾಪಾರ, ಹಾರ್ಡ್‌ವೇರ್ ಅಂಗಡಿ ನಡೆಸುವ ಪಾಲುದಾರಿಕೆ ಸಂಸ್ಥೆಗಳಿಂದ ಬ್ಯಾಂಕುಗಳು ಕೆವೈಸಿ ಜೊತೆಗೆ ‘ಫ್ಯಾಟ್ಕಾ–ಸಿಆರ್‌ಎಸ್’ ಘೋಷಣೆಯನ್ನೂ ಪಡೆಯುತ್ತವೆ. ನಮ್ಮ ಘಟಕದ ಖಾತೆಗೆ ಕೇಳಿದಾಗ ಕೈಗೆ ಬಂದದ್ದು ಪೂರ್ತಿ ಇಂಗ್ಲಿಷ್ ಫಾರಂ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಎಂದದ್ದು ಬಿಟ್ಟರೆ ಬೇರೆ ವಿವರಣೆ ಸಿಗಲಿಲ್ಲ. ಈ ಪದ್ಧತಿ ಬದಲಾಗಬೇಕು.

ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ. ವಿದೇಶಿ ಖಾತೆಗಳಲ್ಲಿ ಹಣ ಬಚ್ಚಿಟ್ಟು ತೆರಿಗೆ ತಪ್ಪಿಸುವವರನ್ನು ಹಿಡಿಯಲು ಅಮೆರಿಕ 2010ರಲ್ಲಿ ಫ್ಯಾಟ್ಕಾ ತಂದಿತು. ಭಾರತ 2015ರ ಜುಲೈ 9ರಂದು ಅದಕ್ಕೆ ಸಂಬಂಧಿಸಿದ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷ ಸಿಆರ್‌ಎಸ್ ಎಂಬ ಬಹುರಾಷ್ಟ್ರೀಯ ಮಾಹಿತಿ ವಿನಿಮಯ ವ್ಯವಸ್ಥೆಗೂ ಸೇರಿತು. ಬ್ಯಾಂಕುಗಳು ಕೇಳಲೇಬೇಕು, ನಾವು ಹೇಳಲೇಬೇಕು. ಆದರೆ ಏನು ಹೇಳುತ್ತಿದ್ದೇವೆಂದು ನಮಗೆ ತಿಳಿದಿರಬೇಡವೇ?

ನಮ್ಮ ಊರಿನ ಅಣ್ಣ ತಮ್ಮಂದಿರ ಸಂಸ್ಥೆಗಳನ್ನೇ ನೋಡಿ. ಒಬ್ಬರು ಇಲ್ಲಿ ಯಂತ್ರ ನಡೆಸುತ್ತಾರೆ, ಇನ್ನೊಬ್ಬರು ದುಬೈಯಲ್ಲಿ ಕೆಲಸದಲ್ಲಿದ್ದಾರೆ, ಮತ್ತೊಬ್ಬರ ಬಳಿ ಅಮೆರಿಕದ ಗ್ರೀನ್ ಕಾರ್ಡ್ ಇದೆ. ಆದಾಯದ ಹೆಚ್ಚಿನ ಪಾಲು ವ್ಯಾಪಾರದಿಂದಲೇ ಬರುತ್ತಿರುವವರೆಗೆ ಫಾರಂನ ಲೆಕ್ಕದಲ್ಲಿ ಸಂಸ್ಥೆ ‘ಆಕ್ಟಿವ್’. ಘಟಕ ನಿಲ್ಲಿಸಿ ಶೆಡ್ ಬಾಡಿಗೆಗೆ ಕೊಟ್ಟು, ಬಾಡಿಗೆ ಮತ್ತು ಠೇವಣಿ ಬಡ್ಡಿಯೇ ಅರ್ಧಕ್ಕಿಂತ ಹೆಚ್ಚಾದರೆ ಅದು ಸಾಮಾನ್ಯವಾಗಿ ‘ಪ್ಯಾಸಿವ್’ ಆಗುತ್ತದೆ. ಆಗ ಸಂಸ್ಥೆಯ ಮೇಲೆ ಹಿಡಿತವಿರುವ ಪಾಲುದಾರರು ಯಾವ ದೇಶದ ತೆರಿಗೆ ನಿವಾಸಿಗಳು ಎಂಬುದನ್ನೂ ಬರೆದುಕೊಡಬೇಕು. ದುಬೈಯಲ್ಲಿ ಸಂಬಳಕ್ಕೆ ತೆರಿಗೆಯಿಲ್ಲವೆಂದು ಆ ಕಾಲಂ ಖಾಲಿ ಬಿಟ್ಟರೆ ತಪ್ಪಾಗುತ್ತದೆ. ಪ್ರಶ್ನೆ ಇರುವುದು ನಿವಾಸದ ಬಗ್ಗೆ, ಕಟ್ಟಿದ ತೆರಿಗೆಯ ಬಗ್ಗೆ ಅಲ್ಲ. ತಂದೆ ತಾಯಿ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾಗ ಅಲ್ಲಿ ಹುಟ್ಟಿ, ಈಗ ಪುತ್ತೂರಿನಲ್ಲೇ ನೆಲೆಸಿದವರೂ ಅಲ್ಲಿನ ಪೌರತ್ವ ಬಿಡದಿದ್ದರೆ ಅಮೆರಿಕದ ಲೆಕ್ಕಕ್ಕೆ ಬರುತ್ತಾರೆ. ಇಷ್ಟನ್ನು ಪೆನ್ಸಿಲ್ ಗುರುತು ತಿಳಿಸುವುದಿಲ್ಲ.

ತಪ್ಪಿನ ಹೊರೆ ಬೀಳುವುದು ಸಹಿ ಹಾಕಿದವರ ಮೇಲೆ. 2017ರಲ್ಲಿ ಏಪ್ರಿಲ್ 30ರೊಳಗೆ ಘೋಷಣೆ ಕೊಡದ ಖಾತೆಗಳ ವಹಿವಾಟು ತಡೆಯುವುದಾಗಿ ತೆರಿಗೆ ಇಲಾಖೆ ಎಚ್ಚರಿಸಿತ್ತು. ಖಾತೆದಾರರ ತಪ್ಪು ಮಾಹಿತಿಯಿಂದ ಬ್ಯಾಂಕಿನ ವರದಿ ತಪ್ಪಾದರೆ ಅಂಥ ಪ್ರತಿ ಖಾತೆಗೆ 5,000 ರೂಪಾಯಿ ದಂಡ ವಿಧಿಸಿ, ಅದನ್ನು ಖಾತೆದಾರರಿಂದಲೇ ವಸೂಲು ಮಾಡಲು 2023ರ ಹಣಕಾಸು ಕಾಯ್ದೆ ಅವಕಾಶ ಕೊಟ್ಟಿತು. ಕೂಲಿಯವರ ಬಟವಾಡೆ ದಿನ ಚಾಲ್ತಿ ಖಾತೆ ಸ್ಥಗಿತಗೊಂಡರೆ ಸಣ್ಣ ಘಟಕದ ಗತಿಯೇನು?

ಸಾಮಾನ್ಯ ಗ್ರಾಹಕರು ಬಳಸುವ ಮುದ್ರಿತ ಫಾರಂಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ತನ್ನ ಗ್ರಾಹಕ ಸೇವೆಯ ಸುತ್ತೋಲೆಯಲ್ಲಿ ಹೇಳಿದೆ. ಹಳ್ಳಿಯ ಸಣ್ಣ ಸಂಸ್ಥೆಗಳಿಗೂ ಆ ಅನುಕೂಲ ಸಿಗಲಿ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಇಲ್ಲಿನ ಜನರ ಠೇವಣಿಯಿಂದ. ಇದೇ ಜಿಲ್ಲೆಯಲ್ಲಿ ಕನ್ನಡ ಫಾರಂ ಕೇಳುವುದು ಅತಿಯಾಸೆಯಲ್ಲ.

ಜಿಲ್ಲೆಯ ಲೀಡ್ ಬ್ಯಾಂಕ್ ಮುಂದಾಗಿ ಎಲ್ಲ ಬ್ಯಾಂಕುಗಳಿಗೂ ಒಪ್ಪುವ ಕನ್ನಡ ಫಾರಂ ಮತ್ತು ಉದಾಹರಣೆಗಳಿರುವ ಒಂದು ಪುಟದ ವಿವರಣೆ ಸಿದ್ಧಪಡಿಸಲಿ. ಫಾರಂ ಮನೆಗೆ ಒಯ್ದು ಪಾಲುದಾರರ ಜೊತೆ, ಲೆಕ್ಕಪರಿಶೋಧಕರ ಜೊತೆ ಮಾತಾಡಿ ತುಂಬಲು ಸಮಯ ಕೊಡಲಿ. ವಹಿವಾಟು ತಡೆಯುವ ಮುನ್ನ ಕನ್ನಡದಲ್ಲಿ ಲಿಖಿತ ನೋಟಿಸ್ ಬರಲಿ. ವ್ಯಾಪಾರಿ ಮಿತ್ರರಲ್ಲೂ ಒಂದು ವಿನಂತಿ: ಅರ್ಥವಾಗದ ಘೋಷಣೆಗೆ ಸಹಿ ಹಾಕಬೇಡಿ, ವಿವರಣೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಇತಿ,
ಹಾಳೆತಟ್ಟೆ ಘಟಕವೊಂದರ ಪಾಲುದಾರ,
ನರಿಮೊಗರು, ಪುತ್ತೂರು ತಾಲ್ಲೂಕು